ಎರಡನೆಯ ಹಾಡು

ನನ್ನ ತಮ್ಮನ ಕ್ಯಾಸೆಟ್ಟನ್ನು ಆಳಂದದ ಪಾನ್ ಅಂಗಡಿಯವರು ಕೇಳಿದರು, ಜೇವರ್ಗಿಯ ಲಾರಿಯವರು ಕೇಳಿದರು. ಎರಡು ವರ್ಷ ನಾನೊಬ್ಬಳೇ ಕೇಳಲಿಲ್ಲ! ಕೇಳಿದ್ದೇನೆಂದು ಸುಳ್ಳು ಬೇರೆ ಬರೆದೆ. ತಪ್ಪು ನನ್ನದೇ. ಆದರೆ ಅವನು ಎಂಥವನೆಂದು ತಿಳಿದರೆ ನೀವು ನನ್ನನ್ನು ಅರ್ಧವಾದರೂ ಕ್ಷಮಿಸುತ್ತೀರಿ.

ನಮ್ಮೂರು ಸರಸಂಬಾಕ್ಕೆ ಗಿಟಾರ್ ತಂದ ಮೊದಲ ಮನುಷ್ಯ ಅವನು. ಆಳಂದದಿಂದ ಬಸ್ಸಿನಲ್ಲಿ ಬರುವಾಗ ಕಂಡಕ್ಟರ್, "ಇದಕ್ಕೂ ಟಿಕೇಟ್ ತಗೋರಿ" ಎಂದನಂತೆ. ಇವನು ಗಿಟಾರನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇದಕ್ಕ ಇನ್ನಾ ಮೂರು ವರ್ಷ ತುಂಬಿಲ್ರಿ. ಬೇಕಾದ್ರ ಅಳಸಿ ತೋರಸ್ಲ್ಯಾ?" ಎಂದು ತಂತಿ ಮೀಟಿದ. ಬಸ್ಸೆಲ್ಲ ನಕ್ಕಿತು, ಕಂಡಕ್ಟರ್ ಸೋತ.

ಹಾಡು ಕಟ್ಟುವುದು ಅವನ ಹುಚ್ಚು. ಹೊಸ ಹಾಡಿನ ಮೊದಲ ಪರೀಕ್ಷೆ ನಮ್ಮ ಎಮ್ಮೆಯ ಮುಂದೆ. ಅದು ಹಾಲಿಳಿಸಿದರೆ ಹಾಡು ಪಾಸು! ಒಂದು ಸಲ ಬಕೆಟ್ಟನ್ನೇ ಒದ್ದು ಉರುಳಿಸಿತು. ಅವ್ವ ಕೂಗಾಡುತ್ತಿದ್ದರೆ ಇವನು, "ಎಮ್ಮಿದು ಖರೇ ಅದ ಬಿಡವ್ವಾ, ಆ ಸಾಲು ನನಗೂ ಸೇರಿರಲಿಲ್ಲ" ಎಂದು ಅಲ್ಲೇ ಕುಳಿತು ತಿದ್ದಿದ. ಇಂಥವನಿಗೆ ಏನು ಹೇಳುತ್ತೀರಿ?

ಎಮ್ಮೆಯಾದ ಮೇಲೆ ನನ್ನ ಸರದಿ. ಯಾರದೋ ಟೇಪ್ ರೆಕಾರ್ಡರ್ ತಂದು, ನಾನು ಜೋಳದ ರೊಟ್ಟಿ ಬಡಿಯುವಾಗ ಒಲೆಯ ಹತ್ತಿರ ಹಿಡಿದು ಕೂರುತ್ತಿದ್ದ. "ಸರಿಯಲೇ ಆ ಕಡೆ, ಕೈ ಸುಟ್ಕೋತಿ!" ಎಂದು ದಿನಾ ಬೈಯುತ್ತಿದ್ದೆ.

ಮುಂದೆ ಮುಂಬಯಿಗೆ ಹೋದ. ಹೋಟೆಲುಗಳಲ್ಲಿ ಹಾಡಿದ, ಹಾಡಿದ; ಕೊನೆಗೆ ದೊಡ್ಡ ಕಂಪನಿಯೊಂದು ಅವನ ಕ್ಯಾಸೆಟ್ ತಂದಿತು. ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿದ ಹಿಂದಿ ಹಾಡುಗಳು. ಹೊದಿಕೆಯ ಮೇಲೆ ಚರ್ಮದ ಕೋಟು ತೊಟ್ಟು ನಿಂತಿದ್ದ. ನಾನು ಮದುವೆಯಾಗಿ ಬಂದಿದ್ದ ಅಫಜಲಪುರದ ಬಿಸಿಲಿನಲ್ಲಿ ಆ ಕೋಟು ನೋಡಿದರೇ ಬೆವರು ಕಿತ್ತುಬರುತ್ತಿತ್ತು!

ಕ್ಯಾಸೆಟ್ಟಿನ ಜೊತೆ ಒಂದು ಚೀಟಿ: "ಅಕ್ಕಾ, ಉಳಿದದ್ದು ಬಿಡು, ಎರಡನೇದು ಕೇಳು. ಹೆಂಗನಸ್ತು ಬರಿ."

ಮನೆಯಲ್ಲಿ ಟೇಪ್ ಇತ್ತು. ಪುರುಸೊತ್ತೂ ಇತ್ತು. ಎಮ್ಮೆಯ ಜೊತೆ ಕೇಳಿದ್ದು ಸಾಲದೇ, ನಾಳೆ ಕೇಳಿದರಾಯಿತು ಎಂದು ಟ್ರಂಕಿನಲ್ಲಿಟ್ಟೆ. ನಾಲ್ಕನೇ ತರಗತಿಯ ನನ್ನ ಅಕ್ಷರದಲ್ಲಿ ಉತ್ತರ ಮಾತ್ರ ಬರೆದೆ: "ಎರಡನೇದು ಭಾಳ ಛಲೋ ಅದ. ಅದರಾಗಿನ ಮಾತು ಕೇಳಿ ಕಣ್ಣಾಗ ನೀರು ಬಂತು."

ಅವನ ಮರುಪತ್ರದಲ್ಲಿ ಎಲ್ಲರ ಕ್ಷೇಮ ವಿಚಾರಿಸಿದ್ದ, ಎಮ್ಮೆಯದೂ. ಹಾಡಿನ ಸುದ್ದಿಯೇ ಇರಲಿಲ್ಲ.

ಎರಡು ವರ್ಷದ ಮೇಲೆ ಬಂದ. ಚಹಾ ಕುಡಿದು, "ಆ ಕ್ಯಾಸೆಟ್ ತಾ ಬೇ ಅಕ್ಕಾ" ಎಂದ. ಟ್ರಂಕಿನಿಂದ ತೆಗೆದೆ. ಮೇಲಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ! ಅವನು ಉಗುರಿನಿಂದ ಪ್ಲಾಸ್ಟಿಕ್ ಬಿಡಿಸಿ, ಟೇಪಿಗೆ ಹಾಕಿ, ಮೊದಲನೆಯ ಹಾಡು ದಾಟಿಸಿದ.

ಟಪ್ ಟಪ್, ಟಪಟಪ ಟಪ್. ರೊಟ್ಟಿ ಬಡಿಯುವ ಸಪ್ಪಳ! ಅದರ ಪಕ್ಕದಲ್ಲೇ ಗಿಟಾರು ಮೆಲ್ಲಗೆ ನಡೆಯತೊಡಗಿತು. ಮಾತು ಈಗ ಬಂದೀತು, ಆಗ ಬಂದೀತು ಎಂದು ಕಾದೆ. ಬರಲೇ ಇಲ್ಲ. ಕಟ್ಟಕಡೆಗೆ ಗಿಟಾರು ನಿಂತಾಗ, ಒಂದು ಹುಡುಗಿಯ ದನಿ: "ಸರಿಯಲೇ ಆ ಕಡೆ, ಕೈ ಸುಟ್ಕೋತಿ!"

"ಈ ಹಾಡಿನಾಗ ಇರೋ ಮಾತು ಇದೊಂದ," ಎಂದ ತಮ್ಮ, ನಗುತ್ತಾ. "ಇದಕ್ಕ ಅತ್ತಿದ್ಯಾ ಅಕ್ಕಾ?"

"ತಪ್ಪಾತೋ ತಮ್ಮಾ," ಎಂದೆ. "ನಾ ಕೇಳಿರಲಿಲ್ಲ. ಸುಳ್ಳು ಬರದಿದ್ದೆ. ಇನ್ನೊಮ್ಮೆ ಹಚ್ಚು."