ಹಬ್ಬದ ತಟ್ಟೆಗೊಂದು ಪಥ್ಯ

ಎಲ್ಲ ಶುರುವಾದದ್ದು ಒಂದು ಸೇಬಿನಿಂದ. ಕ್ರಿಸ್‌ಮಸ್ಸಿನ ಬೆಳಿಗ್ಗೆ ಏಳು ಗಂಟೆಗೆ ಅರ್ಧ ಡಾಕ್ಟರ್ ಹಲ್ಲುಜ್ಜುತ್ತ ಅಡುಗೆಮನೆಗೆ ಇಣುಕಿದಾಗ ಅವನ ತಾಯಿ ಆರು ಸೇಬುಗಳನ್ನು ಸಾಲಾಗಿಟ್ಟುಕೊಂಡು ಒಂದೊಂದರ ಹೊಟ್ಟೆ ಕೊರೆಯುತ್ತಿದ್ದರು. ಅವನ ಅತ್ತೆ ಬಾಗಿಲಲ್ಲಿ ನಿಂತು ಕಳ್ಳನನ್ನು ಕೈಯಾರೆ ಹಿಡಿದವರ ಹಾಗೆ ನೋಡುತ್ತಿದ್ದರು.

"ಅದು ಊಟ ಆದ್ಮೇಲೆ ತಿನ್ನೋಕಾ, ಬೀಗಿತ್ತಿಯವರೇ?"

"ಇಲ್ಲಮ್ಮ, ಬೇಯಿಸಿ ತಟ್ಟೇಲೇ ಇಡೋದು. ಕೋಳಿ ಪಕ್ಕಕ್ಕೆ."

"ಕೋಳಿ ಪಕ್ಕಕ್ಕೆ ಸಿಹೀನಾ?"

"ಮೂರು ತಲೆಮಾರಿಂದ ನಮ್ಮನೇಲಿ ಹಾಗೇ."

"ಮೂರು ತಲೆಮಾರಿಂದ ನಮ್ಮನೇಲಿ ಈ ದಿನ ತಟ್ಟೇಲಿ ಕೋಳೀನೇ ಕಂಡಿಲ್ಲ. ಮೀನು, ಪಕ್ಕದಲ್ಲಿ ಮೂರು ಆಲೂಗೆಡ್ಡೆ. ಒಂದಕ್ಕೊಂದು ತಾಗೋ ಹಾಗಿಲ್ಲ."

"ಪಾಪ," ಎಂದರು ತಾಯಿ, ನಾಲ್ಕನೇ ಸೇಬಿಗೆ ಚಾಕು ಹಾಕುತ್ತ.

ಅರ್ಧ ಡಾಕ್ಟರ್ ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ.

ಅವನೇನೂ ಡಾಕ್ಟರಲ್ಲ. ಹದಿನಾಲ್ಕು ವರ್ಷದಿಂದ ಔಷಧಿ ಅಂಗಡಿಯಲ್ಲಿ ಕೆಲಸ. ಡಾಕ್ಟರುಗಳ ಬರಹವನ್ನು, ಬರೆದವರಿಗೇ ಅರ್ಥವಾಗದಾಗಲೂ, ಓದಿ ಹೇಳುತ್ತಿದ್ದುದರಿಂದ ಬೀದಿಯವರು ಆ ಅರ್ಧ ಪದವಿ ಕೊಟ್ಟಿದ್ದರು. ಮದುವೆಯಾದದ್ದು ಮೂವತ್ತೆಂಟನೇ ವಯಸ್ಸಿಗೆ, ಎಂಟು ತಿಂಗಳ ಹಿಂದೆ. ಮದುವೆ ಊಟದಲ್ಲಿ ಉಪ್ಪು ಕಮ್ಮಿ ಎಂದು ಅವನ ತಾಯಿ ಅಂದರು. ಕೆಲವರ ನಾಲಿಗೆಗೇ ರುಚಿ ಇರಲ್ಲ ಎಂದು ಅತ್ತೆ ಅಂದರು. ಅಷ್ಟೇ, ಬೀಗಿತ್ತಿಯರಿಗೆ ಅಂದಿನಿಂದ ಮಾತಿರಲಿಲ್ಲ. ಹೆಂಡತಿ ತಿಂಗಳುಗಟ್ಟಲೆ ಇಬ್ಬರಿಗೂ ಫೋನು ಮಾಡಿ, ಅತ್ತು ಕರೆದು, ಹಬ್ಬಕ್ಕೆಂದು ಇಬ್ಬರನ್ನೂ ಹಿಂದಿನ ಸಂಜೆ ಕರೆಸಿಕೊಂಡಿದ್ದಳು.

ಈಗ ಅವಳು ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿದಳು.

"ನೋಡಿ, ಇವತ್ತು ಇಬ್ಬರೂ ಒಂದೇ ಮೇಜಲ್ಲಿ ಕೂತು ಜಗಳ ಇಲ್ದೆ ಉಣ್ಬೇಕು. ಹೇಗೆ ಅಂತ ನಂಗೊತ್ತಿಲ್ಲ. ಆಗ್ಲಿಲ್ಲ ಅಂದ್ರೆ ಸಂಜೆ ಐದರ ಬಸ್ಸಿಗೆ ಅಮ್ಮನ ಜೊತೆ ನಾನೂ ಹೊರಟೆ. ನಂಗೂ ಸಾಕಾಗಿದೆ ರೀ."

ಅವಳು ದನಿ ಏರಿಸಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಕೂಗಾಡುವ ಹೆಂಗಸು ಕೂಗಾಡಿ ಸುಮ್ಮನಾಗುತ್ತಾಳೆ. ಮೆಲ್ಲಗೆ ಮಾತಾಡುವವಳು ಹೇಳಿದ್ದನ್ನು ಮಾಡುತ್ತಾಳೆ. ಅವಳಿಲ್ಲದ ಮನೆ ಅವನಿಗೆ ಹೊಸದಲ್ಲ. ಹದಿನೈದು ವರ್ಷ ಒಬ್ಬನೇ ಬ್ರೆಡ್ಡು ತಿಂದು ಮಲಗಿದವನ ಪಾಡು ಅವನಿಗೇ ಗೊತ್ತು.

ಔಷಧಿ ಅಂಗಡಿಗೆ ಹಬ್ಬದ ದಿನವೂ ಅರ್ಧ ದಿನ ಕೆಲಸ. ಜನ ತಿನ್ನುವ ಮೊದಲೇ ಅಜೀರ್ಣದ ಮಾತ್ರೆ ಒಯ್ಯುತ್ತಿದ್ದರು. ಮಾಲೀಕರು ಇವನ ಮುಖ ನೋಡಿ ವಿಷಯ ಕೇಳಿದರು, ಕೇಳಿ ನಕ್ಕರು.

"ಎರಡೂ ಮಾಡಿಸು."

"ಮಾಡ್ತಿದಾರೆ ಸಾರ್. ಓವನ್ ಒಂದೇ. ಕೋಳಿ ಒಳಗೆ ಹೋದ್ರೆ ಮೀನು ಕಾಯ್ಬೇಕು, ಮೀನು ಹೋದ್ರೆ ಕೋಳಿ. ಯಾವುದು ಮೊದಲು ಅನ್ನೋದ್ರಲ್ಲೇ ಒಂದು ಗಂಟೆ ಹೋಯ್ತು. ಇನ್ನು ಮೇಜಿನ ಮೇಲೆ ಒಬ್ಬರ ತಟ್ಟೆ ಇನ್ನೊಬ್ಬರು ನೋಡಿದ್ರೆ ಮುಗೀತು."

ಮಾಲೀಕರು ಕನ್ನಡಕ ಒರೆಸಿಕೊಂಡರು. "ಮೂವತ್ತು ವರ್ಷ ಈ ಅಂಗಡಿ ನಡೆಸ್ತಿದೀನಿ. ದೇವರು ಹೇಳಿದ್ರೂ ಬಿಡದ ಜನ ಡಾಕ್ಟರು ಬರೆದ್ರೆ ಬಿಡ್ತಾರೆ. ಕಾಯಿಲೆ ಅನ್ನು. ಕಾಯಿಲೆ ಮುಂದೆ ಯಾವ ಸಂಪ್ರದಾಯವೂ ನಿಲ್ಲಲ್ಲ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅರ್ಧ ಡಾಕ್ಟರ್ ಹತ್ತೂವರೆಗೆ ಮನೆಗೆ ಓಡಿದ.

ತಾಯಿ ಹಿತ್ತಲಲ್ಲಿ ಕೋಳಿಯ ಹೊಟ್ಟೆಗೆ ಬ್ರೆಡ್ಡಿನ ಪುಡಿ, ಈರುಳ್ಳಿ ತುಂಬುತ್ತಿದ್ದರು. ಎರಡು ಸಲ ಓವನ್ನಿನ ಬಾಗಿಲ ತನಕ ಹೋಗಿ ವಾಪಸು ಬಂದಿದ್ದ ಕೋಳಿ ಅದು. ಅವರ ಮೂಗು ಕೆಂಪಾಗಿತ್ತು.

"ಅಮ್ಮ, ಒಂದು ಮಾತು. ಯಾರಿಗೂ ಹೇಳ್ಬಾರದು. ಅತ್ತೆಗೆ ಹೊಟ್ಟೇಲಿ ಏನೋ ತೊಂದರೆ ಇದೆ. ಕೋಳಿ ಆಗಲ್ಲ. ಸಿಹಿ ಪಕ್ಕದಲ್ಲಿದ್ರೂ ಆಗಲ್ಲ. ಬರೀ ಮೀನು. ಡಾಕ್ಟರ ಚೀಟಿ ನಾನೇ ಓದಿದೀನಿ."

ತಾಯಿಯ ಕೈ ಕೋಳಿಯೊಳಗೇ ನಿಂತಿತು. "ಮತ್ತೆ ಸಂಪ್ರದಾಯ ಅಂತ ಹಾರಾಡಿದ್ರಲ್ಲೋ."

"ಅವರಿಗೆ ಗೊತ್ತಿಲ್ಲಮ್ಮ. ಹೇಳಿಲ್ಲ. ಸಂಪ್ರದಾಯ ಅಂತ ತಿಂತಿದಾರೆ, ತಿನ್ನಲಿ ಅಂತ ಬಿಟ್ಟಿದೀವಿ. ನೀನು ಅವರೆದುರು ಈ ಮಾತು ಎತ್ಬೇಡ."

ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆ ಕಣ್ಣೀರೆಲ್ಲ ಈರುಳ್ಳಿಯದಲ್ಲ ಅನ್ನುವುದು ಅವನಿಗೆ ಹೊಳೆಯಬೇಕಿತ್ತು. ರೋಗಿಗೇ ಹೇಳದೆ ಮುಚ್ಚಿಡುವ ಕಾಯಿಲೆ ಎಂಥದ್ದಿರುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ಆದರೆ ಅವನಿಗೆ ಆಗ ಮಧ್ಯಾಹ್ನದ ಊಟವೊಂದೇ ಕಾಣುತ್ತಿತ್ತು.

ಅಡುಗೆಮನೆಯಲ್ಲಿ ಆಲೂಗೆಡ್ಡೆ ತೊಳೆಯುತ್ತಿದ್ದ ಅತ್ತೆಗೂ ಅದೇ ಮದ್ದನ್ನು, ಹೆಸರು ಬದಲಿಸಿ ಕೊಟ್ಟ. "ಅಮ್ಮನಿಗೆ ಮೀನು ವಿಷ ಇದ್ದಹಾಗೆ ಅತ್ತೆ. ಬೇಯಿಸಿದ ಸೇಬು ದಿನಾ ಒಳಗೆ ಹೋಗ್ಬೇಕಂತೆ. ಅವಳಿಗೆ ಗೊತ್ತಿಲ್ಲ, ನೀವು ಹೇಳ್ಬೇಡಿ."

"ಅಯ್ಯೋ ದೇವರೇ," ಎಂದರು ಅತ್ತೆ. "ನಾನು ಬೆಳಿಗ್ಗೆ ಏನೇನೋ ಅಂದ್ಬಿಟ್ಟೆ ಅಳಿಯಂದ್ರೇ."

ಇಲ್ಲಿಗೆ ನಿಂತಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಆದರೆ ಮಹಡಿಯ ಮೇಲೆ ಟೀಚರಮ್ಮ ಇದ್ದರು. ನಿವೃತ್ತರಾದ ಮೇಲೆ ತಿದ್ದಲು ಪುಸ್ತಕಗಳಿಲ್ಲದೆ ಜನರನ್ನೇ ತಿದ್ದುತ್ತಿದ್ದರು. ಹಬ್ಬದ ಬಿಸ್ಕತ್ತಿನ ಡಬ್ಬಿ ಹಿಡಿದು ಇಳಿದು ಬಂದವರು ಹಿತ್ತಲಲ್ಲಿ ಅಳುತ್ತಿದ್ದ ತಾಯಿಯನ್ನು ಕಂಡರು, ಕೇಳಿದರು. ಯಾರಿಗೂ ಹೇಳಬಾರದ ಮಾತನ್ನು ತಾಯಿ ಅವರೊಬ್ಬರಿಗೇ ಹೇಳಿದರು.

"ಹೊಟ್ಟೇದಾ? ಸಿಹಿ ಆಗಲ್ವಾ?" ಟೀಚರಮ್ಮ ಡಬ್ಬಿ ಕೆಳಗಿಟ್ಟರು. "ನಮ್ಮ ಹೆಡ್‌ಮಾಸ್ಟರ ತಂಗಿಗೆ ಹೀಗೇ ಆಗಿತ್ತು. ನೋಡೋಕೆ ಗುಂಡುಗುಂಡಾಗೇ ಇದ್ಲು."

"ಈಗ ಹೇಗಿದಾರೆ?"

ಟೀಚರಮ್ಮ ಆಕಾಶದ ಕಡೆ ನೋಡಿದರು. ಆಮೇಲೆ ನೇರ ಅಡುಗೆಮನೆಗೆ ಹೋಗಿ, ಅಲ್ಲಿ ಆಲೂಗೆಡ್ಡೆಯ ಮುಂದೆ ಅಳುತ್ತಿದ್ದ ಅತ್ತೆಯನ್ನು ಕಂಡರು, ಕೇಳಿದರು. ಹೆಡ್‌ಮಾಸ್ಟರಿಗೆ ಇನ್ನೊಬ್ಬ ತಂಗಿಯೂ ಇದ್ದಳಂತೆ.

ಊಟಕ್ಕೆ ಕೂತಾಗ ಅರ್ಧ ಡಾಕ್ಟರ್ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ತಾಯಿ ಮೀನಿನ ತಟ್ಟೆ ಎತ್ತಿಕೊಂಡು, ಒಳ್ಳೆಯ ನಡುತುಂಡನ್ನು ಆರಿಸಿ, ಮುಳ್ಳು ಬಿಡಿಸಿ ಬೀಗಿತ್ತಿಗೆ ಬಡಿಸಿದರು. ಮೂರು ಆಲೂಗೆಡ್ಡೆಗಳನ್ನು ಒಂದಕ್ಕೊಂದು ತಾಗದಂತೆ ಅವರೇ ಇಟ್ಟರು.

"ಹೊಟ್ಟೆ ತುಂಬ ತಿನ್ನಿ. ಮನಸ್ಸಿಗೆ ಏನೂ ಹಚ್ಕೋಬೇಡಿ."

"ನೀವು ತಿನ್ನಿ ಮೊದಲು," ಎಂದು ಅತ್ತೆ ಅವರ ತಟ್ಟೆಗೆ ಕೋಳಿಯ ತೊಡೆ ಹಾಕಿ, ಪಕ್ಕದಲ್ಲಿ ಸೇಬು ಇಟ್ಟರು. ಒಂದಲ್ಲ, ಎರಡು. "ನಿಮ್ಮನೇ ಪದ್ಧತಿ ಎಷ್ಟು ಚೆನ್ನಾಗಿದೆ. ನಮಗೇ ತಿಳೀಲಿಲ್ಲ."

"ಆ ದಿನ ಉಪ್ಪು ಸರಿಯಾಗೇ ಇತ್ತು," ಎಂದರು ತಾಯಿ.

"ಇಲ್ಲ, ಕಮ್ಮೀನೇ ಇತ್ತು. ನಾನೇ ಒಪ್ಕೋಬೇಕಿತ್ತು."

ಇಬ್ಬರೂ ಕೈ ಕೈ ಹಿಡಿದುಕೊಂಡು ಅತ್ತರು. ಹೆಂಡತಿ ಚಮಚ ಹಿಡಿದವಳು ಬಾಯಿಗಿಡುವುದನ್ನು ಮರೆತು ಗಂಡನನ್ನೇ ನೋಡಿದಳು. ಮದುವೆಯಾದ ಮೇಲೆ ಅವಳು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ಅವನು ಕೋಳಿಯನ್ನೂ ತಿಂದ, ಮೀನನ್ನೂ ತಿಂದ, ಸೇಬನ್ನೂ ತಿಂದ.

ಮೂರು ಗಂಟೆಗೆ ತಾಯಿ ಅವನನ್ನು ಹಿತ್ತಲಿಗೆ ಕರೆದರು.

"ನಾನು ಇವತ್ತು ಹೋಗಲ್ಲ ಕಣೋ. ಆಕೇನ ಈ ಸ್ಥಿತೀಲಿ ಬಿಟ್ಟು ಹೇಗೆ ಹೋಗ್ಲಿ? ಇರೋಷ್ಟು ದಿನ ಇಲ್ಲೇ ಇಟ್ಕೊಂಡು ನೋಡ್ಕೋತೀನಿ. ಕೇಳಿದ್ದಕ್ಕೆ ಒಪ್ಕೊಂಡ್ರು, ಪಾಪ."

"ಅಮ್ಮ, ಅವರಿಗೇನೂ ಆಗಿಲ್ಲ. ಗುಂಡುಕಲ್ಲಿನ ಹಾಗಿದಾರೆ. ನಾನು ಸುಳ್ಳು ಹೇಳಿದ್ದು."

ತಾಯಿ ಅವನ ತಲೆ ಸವರಿದರು. "ನಂಗೆ ಧೈರ್ಯ ಹೇಳೋಕೆ ಹೀಗಂತೀಯ. ನೀನು ಚಿಕ್ಕವನಿದ್ದಾಗಿಂದ ಹೀಗೇ, ಮನಸ್ಸು ಮೆತ್ತಗೆ."

ಅವನು ಅಡುಗೆಮನೆಗೆ ಓಡಿದ. ಅತ್ತೆಯ ಎದುರು ನಿಂತು ಎಲ್ಲವನ್ನೂ ಹೇಳಿದ, ತನ್ನ ತಾಯಿ ಕಲ್ಲು ತಿಂದರೂ ಅರಗಿಸಿಕೊಳ್ಳುತ್ತಾಳೆ ಎಂದು ಆಣೆ ಮಾಡಿದ.

"ಗೊತ್ತು ಅಳಿಯಂದ್ರೇ," ಎಂದರು ಅತ್ತೆ, ಕಣ್ಣು ತುಂಬಿಕೊಂಡು. "ಮಕ್ಕಳಿಗೆ ಒಪ್ಕೊಳ್ಳೋದು ಕಷ್ಟ. ಟೀಚರಮ್ಮ ಹೇಳಿದ್ರು, ಮನೆಯವರು ಮೊದಲು ಹೀಗೇ ಇಲ್ಲ ಇಲ್ಲ ಅಂತಾರಂತೆ. ನೀವೇನೂ ಯೋಚನೆ ಮಾಡ್ಬೇಡಿ. ನಿಮ್ಮಮ್ಮನ ಕೊನೇ ಉಸಿರಿನ ತನಕ ನಾನು ಇಲ್ಲೇ ಇರ್ತೀನಿ. ಒಳಗಿನ ಕೋಣೆ ನಮ್ಮಿಬ್ಬರಿಗೆ ಬಿಡಿ, ನೀವು ಹಜಾರದಲ್ಲಿ ಮಲಗಿದ್ರಾಯ್ತು."

ಅವನ ತಾಯಿಗೆ ಅರವತ್ತೊಂದು. ಅವರ ತಾಯಿ ತೊಂಬತ್ತಾರು ವರ್ಷ ಬದುಕಿ, ಅದೂ ಜಾರಿ ಬಿದ್ದು ಹೋದವರು.

"ಹಜಾರದಲ್ಲಿ ನಾವಿಬ್ಬರೂ ಹೇಗೆ..." ಎಂದು ಅವನು ಶುರುಮಾಡಿದ.

"ನಾವಿಬ್ಬರೂ ಅಂದ್ರೆ?" ಅತ್ತೆ ಹುಬ್ಬೇರಿಸಿದರು. "ಊರಲ್ಲಿ ನಿಮ್ಮ ಮಾವ ಒಬ್ಬರೇ ಇದಾರಲ್ಲ. ಮಂಡಿ ನೋವು, ಒಂದು ಲೋಟ ಚಹಾ ಮಾಡ್ಕೊಳ್ಳೋಕೂ ಬರಲ್ಲ ಅವರಿಗೆ. ನಾನು ಇಲ್ಲಿದ್ರೆ ಅವರನ್ನ ನೋಡೋರು ಯಾರು? ಮಗಳಿಗೆ ಹೇಳಿದೀನಿ. ಬಟ್ಟೆ ಮಡಚ್ತಿದಾಳೆ."

ಐದಕ್ಕೆ ಹತ್ತು ನಿಮಿಷ ಇರುವಾಗ ಬಸ್ ನಿಲ್ದಾಣದಲ್ಲಿ ಅವನು ಪೆಟ್ಟಿಗೆ ಹಿಡಿದು ನಿಂತಿದ್ದ. ನಡೆದದ್ದನ್ನೆಲ್ಲ ದಾರಿಯಲ್ಲಿ ಹೆಂಡತಿಗೆ ಹೇಳಿದ್ದ. ಅವಳೊಬ್ಬಳು ನಂಬಿದಳು, ಅವನ ಬುದ್ಧಿ ಅವಳಿಗೆ ಗೊತ್ತಿತ್ತು. ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡಳು.

"ಜಗಳ ಇಲ್ದೆ ಉಂಡ್ರು ತಾನೇ?" ಎಂದ ಅವನು, ಅಳು ಬರುವಂತಾಗಿ. "ನೀನು ಕೇಳಿದ್ದು ಅದೇ ಅಲ್ವಾ?"

"ಹೌದು ರೀ. ಅದೊಂದು ಚೆನ್ನಾಗಾಯ್ತು."

"ಮತ್ತೆ ನೀನು ಯಾವಾಗ ಬರ್ತೀಯ?"

"ನಿಮ್ಮಮ್ಮನಿಗೆ ವಾಸಿ ಆದ್ಮೇಲೆ ಅಮ್ಮ ಊರಿಗೆ ಬರ್ತಾಳೆ. ಆಮೇಲೆ ನಾನು ಬರ್ತೀನಿ."

"ಅಮ್ಮನಿಗೆ ಕಾಯಿಲೇನೇ ಇಲ್ವಲ್ಲೇ."

"ಇಲ್ದೆ ಇರೋ ಕಾಯಿಲೆ ವಾಸಿ ಆಗೋದು ಹೇಗೆ?" ಎಂದಳು ಅವಳು. ಅವಳ ಕಣ್ಣೂ ತುಂಬಿತ್ತು. "ನೀವೇ ಹೇಳಿ, ಔಷಧಿ ಅಂಗಡಿಯವರು."

ಅವನು ಹದಿನಾಲ್ಕು ವರ್ಷದ ಕಪಾಟುಗಳನ್ನೆಲ್ಲ ಮನಸ್ಸಿನಲ್ಲೇ ತೆರೆದು ಹುಡುಕುತ್ತ ನಿಂತ. ಇನ್ನೂ ಹುಡುಕುತ್ತಿರುವಾಗಲೇ ಬಸ್ಸು ಹೊರಟಿತು.