ಜೇಬಿನಲ್ಲಿ ಲಿಟ್ಮಸ್ ಕಾಗದ

ಕೆಲವರ ಮರ್ಯಾದೆ ಮದುವೆ ಮನೆಯಲ್ಲಿ ಹೋಗುತ್ತದೆ, ಕೆಲವರದು ಕೋರ್ಟು ಕಚೇರಿಯಲ್ಲಿ. ನನ್ನದು ಮಾತ್ರ ಪ್ರತಿ ಸಲವೂ ವಿಜ್ಞಾನದ ಕೈಯಲ್ಲೇ ಹೋಗಿದೆ. ಔರಾದ ಕಡೆಯ ನಮ್ಮೂರ ಹೊಲಗೇರಿಯಿಂದ ವಿಜ್ಞಾನ ಕಲಿಯಲು ಹೊರಟ ಮೊದಲ ಪ್ರಾಣಿ ನಾನು. ಹೀಗಾಗಿ ತಪ್ಪು ಮಾಡುವುದರಲ್ಲೂ ನನಗೆ ದಾರಿ ತೋರಿಸುವವರು ಯಾರೂ ಇರಲಿಲ್ಲ. ಒಂದೊಂದು ತಪ್ಪನ್ನೂ ನಾನೇ ಹೊಸದಾಗಿ ಕಂಡುಹಿಡಿಯಬೇಕಾಯಿತು. ನನ್ನ ಸಂಶೋಧನೆ ಶುರುವಾದದ್ದೇ ಹಾಗೆ.

ದೀಪ

ಆಗ ನಿಜಾಮರ ಕಾಲ. ಭಾಲ್ಕಿಯ ಸಾಲೆಯಲ್ಲಿ ಉರ್ದುವಿನಲ್ಲೇ ಎಲ್ಲ ಪಾಠ. ವಿಜ್ಞಾನದ ಮಾಸ್ತರರು ಮುಸಲ್ಮಾನರು, ನನ್ನ ಮೇಲೆ ಬಹಳ ಜೀವ. "ಬೇಟಾ, ಯಾರಿಗೂ ಗೊತ್ತಿಲ್ಲದ್ದನ್ನ ಹುಡುಕಿ ತೆಗೀಬೇಕು. ಅದಕ್ಕ ಸಂಶೋಧನೆ ಅಂತಾರ. ನಿನ್ನ ಕೈಲೆ ಆಗ್ತದ" ಎಂದಿದ್ದರು. ಅವತ್ತಿನಿಂದ ನನಗೆ ಅದೊಂದೇ ಹುಚ್ಚು.

ರಜೆಗೆ ಊರಿಗೆ ಬಂದವನೇ ಕೇರಿಯವರನ್ನೆಲ್ಲ ಮನೆ ಮುಂದೆ ಕೂಡಿಸಿದೆ. ಬೆಂಕಿಗೆ ಗಾಳಿ ಬೇಕು ಎಂದು ತೋರಿಸಬೇಕಿತ್ತು. ಚಿಮಣಿ ದೀಪ ಹಚ್ಚಿ, ಅದರ ಮೇಲೆ ಅವ್ವನ ಗಡಿಗೆ ಬೋರಲು ಹಾಕಿದೆ. ಸ್ವಲ್ಪ ಹೊತ್ತಿಗೆ ಎತ್ತಿ ನೋಡಿದರೆ ದೀಪ ಆರಿತ್ತು. ಜನ ಬೆರಗಾಗುತ್ತಾರೆ ಎಂದು ಎದೆಯುಬ್ಬಿಸಿ ನಿಂತೆ. ಒಬ್ಬಿಬ್ಬರು ಎದ್ದು ಮನೆಗೆ ನಡೆದರು.

ಕಪ್ಪು ಹಿಡಿದ ಗಡಿಗೆ ನೋಡುತ್ತ ಅವ್ವ ಕೇಳಿದಳು: "ದೀಪ ಆರಸಲಾಕ ಭಾಲ್ಕಿ ತನಕಾ ಹೋಗಬೇಕಾಗಿತ್ತೇನೋ? ಊದಿದ್ರ ಆಗ್ತಿರಲಿಲ್ಲ?"

ನಲ್ಲಿ

ಮಾಸ್ತರರಿಗೆ ಬೀದರಿಗೆ ವರ್ಗವಾಯಿತು. ನನ್ನನ್ನೂ ಕರೆದುಕೊಂಡು ಹೋಗಿ ಅಲ್ಲಿನ ಸಾಲೆಗೆ ಹಚ್ಚಿದರು. ಅಲ್ಲಿ ಪ್ರಯೋಗಕ್ಕೆಂದೇ ಒಂದು ಖೋಲಿ. ಗೋಡೆಯ ಮೇಲೊಂದು ನೀರಿನ ಪೀಪಾಯಿ, ಅದಕ್ಕೊಂದು ಹಿತ್ತಾಳೆ ನಲ್ಲಿ.

"ಕೈ ತೊಳ್ಕೊ" ಎಂದರು ಮಾಸ್ತರರು. ನಮ್ಮ ಕೇರಿಯವರು ಊರ ಬಾವಿ ಮುಟ್ಟುವಂತಿರಲಿಲ್ಲ. ಯಾರಾದರೂ ದಯೆ ತೋರಿ ಮೇಲಿಂದ ನೀರು ಸುರಿದರೆ ನಾವು ಬೊಗಸೆಯೊಡ್ಡಿ ಹಿಡಿಯಬೇಕು. ನಾನು ನಲ್ಲಿಯ ಕೆಳಗೆ ಬೊಗಸೆಯೊಡ್ಡಿ, ತಲೆ ತಗ್ಗಿಸಿ ನಿಂತೆ. ನಿಂತೇ ಇದ್ದೆ. ಹುಡುಗರು ಕಿಸಕ್ಕೆಂದರು.

"ಬೇಟಾ, ಇಲ್ಲಿ ಯಾರೂ ಹಾಕಂಗಿಲ್ಲ. ನೀನೇ ತಿರುವು."

ಮುಟ್ಟಬಹುದು ಎಂದು ತಿಳಿದ ಸಂತೋಷಕ್ಕೆ ನಲ್ಲಿಯನ್ನು ಪೂರ್ತಿ ತಿರುವಿಬಿಟ್ಟೆ. ನೀರು ಬುಸ್ಸೆಂದು ಹಾರಿ ಮಾಸ್ತರರ ಶೇರವಾನಿಯೆಲ್ಲ ತೊಯ್ದುಹೋಯಿತು. ಅವರು ಗಡ್ಡ ಒರೆಸಿಕೊಳ್ಳುತ್ತ ಹೇಳಿದರು: "ಶಾಬಾಸ್! ಈಗ ಬಂದ್ ಮಾಡೂದು ಕಲಿ."

ಸೀಸೆ

ಮುಂದೆ ಪೊಲೀಸ್ ಆ್ಯಕ್ಷನ್ ಆಯಿತು; ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಯಿತು. ಆ ದಿನಗಳಲ್ಲಿ ಜನ ಪಟ್ಟ ಪಾಡು ನಗುವ ವಿಷಯವಲ್ಲ. ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದರು ಎಂದು ಹೆದರಿ ನಮ್ಮ ಮಾಸ್ತರರು ಬಹಳ ದಿನ ಬಾಗಿಲು ತೆರೆಯಲಿಲ್ಲ. ಕಿಟಕಿಯ ಹತ್ತಿರ ನಿಂತು "ನಾನ್ರೀ ಸಾಹೇಬ್ರ" ಎಂದರೆ, ಒಳಗಿನಿಂದಲೇ "ಪಢೋ ಬೇಟಾ" ಎನ್ನುತ್ತಿದ್ದರು.

ಓದಿದೆ. ಹೊಸ ಸರಕಾರ ನಮ್ಮಂಥ ಹುಡುಗರಿಗೆ ಊಟ, ವಸತಿ ಕೊಟ್ಟು ಹೈದರಾಬಾದಿನಲ್ಲಿ ಕಾಲೇಜು ಕಲಿಸಿತು. ಉರ್ದು ಹೋಗಿ ಇಂಗ್ಲಿಷ್ ಬಂತು. ಮಣ್ಣಿನ ವಿಷಯ ಕಲಿಸುವ ಪ್ರೊಫೆಸರರು ಬಂದರು, ಮೈಸೂರು ಕಡೆಯವರು. ಬೀದರ ಸೀಮೆಯ ಮಣ್ಣಿನ ಮೇಲೆ ಸಂಶೋಧನೆಗೆ ಅವರು ಒಬ್ಬನನ್ನು ಆರಿಸುವವರಿದ್ದರು. ಆ ಒಬ್ಬ ನಾನಾಗಬೇಕಿತ್ತು.

ಠಾಣಾ ಕುಶನೂರ, ಚಿಂತಾಕಿ, ಡಾಬಕಾ ಮೂರೂ ಊರಿನಿಂದ ಮಣ್ಣು ತಂದು, ಸೀಸೆಗಳಿಗೆ ತುಂಬಿ ಸಾಲಾಗಿ ಇಟ್ಟೆ. ಕುಶನೂರಿನದು ಮೊದಲು. ಡಾಬಕಾದ ಒಂದು ಮೂಲೆಯ ಬಿಳಿ ಉಪ್ಪು ಹಿಡಿದ ಸವಳು ಮಣ್ಣು ಕೊನೆಗೆ. ಅವತ್ತು ಒಬ್ಬ ದೊಡ್ಡ ಅಧಿಕಾರಿ ಬಂದಿದ್ದರು. ಪ್ರೊಫೆಸರರು ನನ್ನ ಪಟ್ಟಿಯ ಮೊದಲ ಹೆಸರು ನೋಡಿ, ಮೊದಲ ಸೀಸೆ ಎತ್ತಿ ಹಿಡಿದು, "ಇದು ಠಾಣಾ ಕುಶನೂರಿನ ಮಣ್ಣು. ಇಲ್ಲಿ ಹುಲ್ಲೂ ಬೆಳೆಯೋದಿಲ್ಲ" ಎಂದರು.

ಅಧಿಕಾರಿ ಹೌಹಾರಿದರು. "ಏನ್ ಹೇಳ್ತೀರಿ? ಅದು ನಮ್ಮೂರು! ನಮ್ಮ ಹೊಲದಾಗ ತೊಗರಿ ಆಳೆತ್ತರ ಬೆಳೀತದರಿ!"

ತಪ್ಪು ನನ್ನದೇ. ಉರ್ದು ಬರೆಯುವುದು ಬಲದಿಂದ ಎಡಕ್ಕೆ; ಆ ಸಾಲೆಯಲ್ಲಿ ಕಲಿತವನಿಗೆ ಮೊದಲನೆಯದು ಯಾವಾಗಲೂ ಬಲಗಡೆ. ಸೀಸೆಗಳನ್ನು ಬಲದಿಂದ ಎಡಕ್ಕೆ ಇಟ್ಟಿದ್ದೆ. ಅವರು ಎಡಗಡೆಯಿಂದ ಎತ್ತಿದ್ದರು.

"ಇಂಗ್ಲಿಷ್ ಬಂದಮೇಲೆ ಎಡಗಡೆಯಿಂದ ಶುರು ಮಾಡಬೇಕಲ್ಲವೇನಪ್ಪಾ?" ಎಂದರು ಪ್ರೊಫೆಸರರು, ಹಲ್ಲು ಕಚ್ಚಿ.

"ಸರಕಾರ ಬದಲಾಗಿದ್ದು ಗೊತ್ತಿತ್ರೀ ಸರ್" ಎಂದೆ. "ಸೀಸೀನೂ ತಿರುಗಬೇಕಂತ ಗೊತ್ತಿರಲಿಲ್ರಿ."

ಗ್ಲಾಸು

ಇಷ್ಟಾದ ಮೇಲೆ ಸಂದರ್ಶನ. ಸಂಶೋಧನೆ ಬೀದರ ಮಣ್ಣಿನ ಮೇಲಾದ್ದರಿಂದ ಅದು ನಡೆದದ್ದು ಬೀದರಿನಲ್ಲಿ; ಅದೇ ಪ್ರೊಫೆಸರರು, ಜೊತೆಗೆ ಇನ್ನಿಬ್ಬರು. ಈ ಸಲ ಸೋತರೆ ಕುರಿ ಕಾಯುವುದೇ ಗತಿ ಎಂದು ಹೆದರಿ, ಎಲ್ಲಕ್ಕೂ ತಯಾರಾಗಿ ಹೋಗಿದ್ದೆ. ಹುಳಿ, ಕ್ಷಾರ ತಾಗಿದರೆ ಬಣ್ಣ ತಿರುಗುವ ಲಿಟ್ಮಸ್ ಕಾಗದ ಕೂಡ ಜೇಬಿನಲ್ಲಿತ್ತು.

ಒಳಗೆ ಹೋಗಿ ಕುರ್ಚಿಯ ತುದಿಗೆ ಕುಳಿತೆ. ಬೆವರು ಒರೆಸಿಕೊಂಡೆ. ಪ್ರೊಫೆಸರರು ಹೂಜಿಯಿಂದ ಗಾಜಿನ ಗ್ಲಾಸಿಗೆ ನೀರು ಬಗ್ಗಿಸಿ, ತಾವೇ ನನ್ನ ಮುಂದೆ ಇಟ್ಟು, "ಹೂಂ" ಎಂದರು.

ಅಂಥ ದೊಡ್ಡವರು ತಮ್ಮ ಗ್ಲಾಸಿನಲ್ಲಿ ನನಗೆ ಕುಡಿಯಲು ನೀರು ಕೊಟ್ಟಾರು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಪರೀಕ್ಷೆ ಶುರುವಾಯಿತು ಎಂದುಕೊಂಡೆ. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದೆ. ಮೂಸಿದೆ. ನೀಲಿ ಕಾಗದ ಅದ್ದಿದೆ, ಕೆಂಪು ಕಾಗದ ಅದ್ದಿದೆ. ಮೂವರೂ ಬಾಯಿ ತೆರೆದು ನೋಡುತ್ತಿದ್ದರು.

ಎದ್ದು ನಿಂತು ವರದಿ ಒಪ್ಪಿಸಿದೆ: "ಹುಳಿ ಇಲ್ರಿ, ಕ್ಷಾರ ಇಲ್ರಿ. ಮನುಷ್ಯರು ಕುಡೀಬಹುದ್ರಿ."

"ಹಾಗಾದರೆ ಕುಡಿಯಪ್ಪಾ ಮಾರಾಯ!" ಎಂದರು ಪ್ರೊಫೆಸರರು. "ನಿನಗೇ ಕೊಟ್ಟಿದ್ದು."

ಕುಡಿದೆ. ಕಾಗದದ ಚೂರೂ ಒಂದಿಷ್ಟು ಹೊಟ್ಟೆಗೆ ಹೋಯಿತು. ಆಮೇಲೆ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನಂಬುವ ಮೊದಲು ಪರೀಕ್ಷೆ ಮಾಡುವವನೇ ನನಗೆ ಬೇಕು. ಬಂದು ಸೇರಿಕೋ. ಸೀಸೆ ಮಾತ್ರ ಎಡಗಡೆಯಿಂದ ಇಡು" ಎಂದರು.

ಮೊದಲು ಮಾಸ್ತರರ ಮನೆಗೆ ಓಡಿದೆ. ಅವತ್ತು ಬಾಗಿಲು ತೆರೆದೇ ಇತ್ತು. ಆಮೇಲೆ ಊರಿಗೆ ಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಗಲ್ಲಕ್ಕೆ ಕೈ ಹಚ್ಚಿ ಕೇಳಿಸಿಕೊಂಡು ಕಡೆಗೆ ಕೇಳಿದಳು: "ಒಂದ್ ಗ್ಲಾಸ್ ನೀರ ಕುಡಿಲಾಕ ಬೀದರ ತನಕಾ ಹೋಗಬೇಕಾಗಿತ್ತೇನೋ?"

"ಹೂಂ ಯವ್ವಾ. ಹೋಗಬೇಕಾಗಿತ್ತು."

ಅವ್ವ ಎದ್ದು ಹೋಗಿ, ಗಡಿಗೆಯಿಂದ ಒಂದು ತಂಬಿಗೆ ನೀರು ತುಂಬಿ ತಂದು ನನ್ನ ಮುಂದಿಟ್ಟಳು.

"ತಗೋ. ಇದಕ್ಕೂ ಕಾಗದ ಅದ್ದತಿಯೋ, ಹಂಗೇ ಕುಡಿತಿಯೋ?"