ತಿಪ್ಪವ್ವ ಇವರಿಗೆ ಗಚ್ಚು ಕಲಿಸುವ ಕುರಿತು

ಪಾರಂಪರಿಕ ಕಟ್ಟಡ ಸಂರಕ್ಷಣೆಯ ಸ್ನಾತಕೋತ್ತರ ಅಧ್ಯಯನ ಕೇಂದ್ರ, ವಿಜಯಪುರ
(ಮುದ್ರೆ ಸವೆದಿರುವ ಕಾರಣ ಹೆಸರು ಓದಲು ಬಾರದಿದ್ದಲ್ಲಿ ಕೇಂದ್ರವು ಹೊಣೆಯಲ್ಲ)

ಸಂಖ್ಯೆ: ಸ್ನಾಕೇಂ/ಗಚ್ಚು/ಗೋಡೆ-1/ಹೆಬ್ಬೆಟ್ಟು/17
ದಿನಾಂಕ: ಮಾರ್ಚ್ 3

ಸುತ್ತೋಲೆ

ವಿಷಯ: ಗಚ್ಚಿನ ಪ್ರಾಯೋಗಿಕ ಪರೀಕ್ಷೆಯ ಅಂಕಪಟ್ಟಿಯಲ್ಲಿ ಅನರ್ಹರು ಹೆಬ್ಬೆಟ್ಟು ಒತ್ತುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: 1) ತಪಾಸಣಾ ತಂಡದ ಆಕ್ಷೇಪಣೆ. 2) ಮೇಲಧಿಕಾರಿಗಳ ಮೌಖಿಕ ಸಿಟ್ಟು. 3) ಕೆಳಸಹಿದಾರರ ಸ್ಥಳ ಪರಿಶೀಲನೆ, ಎರಡು ಸಲ, ಎರಡೂ ಸಲ ಮಟಮಟ ಮಧ್ಯಾಹ್ನ.

ಪ್ರಸ್ತಾವನೆ:

ಎರಡನೇ ವರ್ಷದ ವಿದ್ಯಾರ್ಥಿನಿ ಕುಮಾರಿ ಪೂನಮ ಇವರು ಬಬಲೇಶ್ವರದಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು, ಜೋರಾಪುರ ಪೇಟೆಯ ಹಿಂಬದಿಯ ಹಳೆಯ ಬಾವಿಯ ಗೋಡೆಗೆ ಗಚ್ಚು ಮೆತ್ತುವ ಕೆಲಸವನ್ನು ಪ್ರಾಯೋಗಿಕ ಪರೀಕ್ಷೆಗಾಗಿ ಕೈಗೊಂಡಿರುತ್ತಾರೆ. ಗಚ್ಚು ಎಂದರೆ ಸುಣ್ಣ, ಮರಳು, ಬೆಲ್ಲದ ನೀರು, ಬಿಲ್ವದ ಕಾಯಿಯ ಅಂಟು ಮುಂತಾದವುಗಳನ್ನು ಅರೆದು ಮಾಡಿದ ಗಾರೆ. ಇದಕ್ಕೆ ನಲವತ್ತು ಅಂಕ. ಈ ನಲವತ್ತು ಹೋದರೆ ಪದವಿ ಹೋಯಿತು, ಎರಡು ವರ್ಷದ ಓದೂ ಬಾವಿಗೆ ಬಿದ್ದಂತೆ. ಪರೀಕ್ಷೆ ಮಾರ್ಚ್ 15ರಂದು ನಿಗದಿಯಾಗಿದೆ.

ಈವರೆಗಿನ ನಿಯಮದಂತೆ, ವಿದ್ಯಾರ್ಥಿಗೆ ಕೈಹಿಡಿದು ಕಲಿಸಿದವರು ಅಂಕಪಟ್ಟಿಯಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕಿತ್ತು. ಪೂನಮ ಇವರಿಗೆ ಕಲಿಸಿದವರು ಟಿಕೋಟಾದ ಶ್ರೀಮತಿ ತಿಪ್ಪವ್ವ, ವಯಸ್ಸು ಅರವತ್ತೇಳು, ಗಚ್ಚಿನ ಕೆಲಸದಲ್ಲಿ ಐವತ್ತು ವರ್ಷ, ಶಾಲೆಯಲ್ಲಿ ಒಂದೂವರೆ ವರ್ಷ. ಕಳೆದ ವರ್ಷ ಬೇರೊಬ್ಬ ವಿದ್ಯಾರ್ಥಿಯ ಪಟ್ಟಿಯಲ್ಲಿ ಇವರ ಹೆಬ್ಬೆಟ್ಟನ್ನು ಕಂಡು ತಪಾಸಣಾ ತಂಡವು ಹೌಹಾರಿದೆ. ಸ್ನಾತಕೋತ್ತರ ಅಂಕಪಟ್ಟಿಯ ಮೇಲೆ ಹೆಬ್ಬೆಟ್ಟೇ ಎಂದು ಕೇಳಿದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ಇನ್ನು ಮುಂದೆ ಗಚ್ಚು ಕಲಿಸುವವರು ಗಚ್ಚಿನಲ್ಲಿ ಸ್ನಾತಕೋತ್ತರ ಪದವಿ ಹೊಂದಿರತಕ್ಕದ್ದು. ಗಚ್ಚು ಬರುವುದು ಹೆಚ್ಚುವರಿ ಅರ್ಹತೆ ಮಾತ್ರ, ಕಡ್ಡಾಯವಲ್ಲ.

2. ತಿಪ್ಪವ್ವ ಇವರು ಸದರಿ ಅರ್ಹತೆ ಪಡೆಯಲಿಚ್ಛಿಸಿದಲ್ಲಿ ಕೇಂದ್ರದ ಅಭ್ಯಂತರವಿಲ್ಲ. ಎರಡನೇ ಇಯತ್ತೆಯಿಂದ ಸ್ನಾತಕೋತ್ತರದವರೆಗೆ ಹದಿನಾರು ವರ್ಷ ಬೇಕಾಗುತ್ತದೆ. ಆಗ ಅವರಿಗೆ ಎಂಬತ್ತಮೂರು. ಕೇಂದ್ರದಲ್ಲಿ ನಿವೃತ್ತಿ ವಯಸ್ಸು ಅರವತ್ತು ಇರುವುದರಿಂದ, ನಿವೃತ್ತರಾದ ಇಪ್ಪತ್ತಮೂರು ವರ್ಷಗಳ ತರುವಾಯ ಅವರನ್ನು ನೇಮಕಕ್ಕೆ ಪರಿಗಣಿಸಲಾಗುವುದು.

3. ಸದರಿ ಗೋಡೆಯ ಜನ್ಮ ದಾಖಲೆ ದೊರೆತಿರುವುದಿಲ್ಲ. ಈ ಭಾಗದ ಶಾಲಾ ಪದ್ಧತಿಯಂತೆ ಗೋಡೆಯು ಜೂನ್ ಒಂದರಂದು ಹುಟ್ಟಿದೆ ಎಂದು ಭಾವಿಸತಕ್ಕದ್ದು.

4. ಗಚ್ಚು ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ತಿಪ್ಪವ್ವ ಇವರು ನಾಲಗೆಗೆ ಹಚ್ಚಿ ನೋಡುವುದು ಪರಿಶೀಲನೆಯ ವೇಳೆ ಕಂಡುಬಂದಿದೆ. ನಾಲಗೆಯು ಮಾನ್ಯತೆ ಪಡೆದ ಉಪಕರಣವಲ್ಲ. ಅನಿವಾರ್ಯವಾದಲ್ಲಿ ನಾಲಗೆಯನ್ನು ಸರಕಾರಿ ಪ್ರಯೋಗಾಲಯಕ್ಕೆ ಕಳುಹಿಸಿ ಪ್ರಮಾಣಪತ್ರ ತರಿಸತಕ್ಕದ್ದು. ನಾಲಗೆಯ ಜೊತೆ ಅದರ ಒಡೆಯರು ಪ್ರಯಾಣಿಸಬಹುದು, ಆದರೆ ಪ್ರಯಾಣಭತ್ಯೆ ನಾಲಗೆಗೆ ಮಾತ್ರ.

5. ಮೆತ್ತಿದ ಗಚ್ಚನ್ನು ಕಟ್ಟಿಗೆಯಿಂದ ದಿನವಿಡೀ ಬಡಿಯುವ ಪದ್ಧತಿಯಿದೆ. ಪಾರಂಪರಿಕ ಗೋಡೆಯನ್ನು ಬಡಿಯುವುದು ಅಪರಾಧ. ಬಡಿಯದಿದ್ದರೆ ಅಂಕವಿಲ್ಲ. ಈ ಎರಡನ್ನೂ ಕೂಲಂಕಷವಾಗಿ ಪರಾಮರ್ಶಿಸಿ ತೀರ್ಮಾನಿಸಿರುವುದೇನೆಂದರೆ, ವಿದ್ಯಾರ್ಥಿಯು ಕಟ್ಟಿಗೆ ಹಿಡಿದು ನಿಲ್ಲತಕ್ಕದ್ದು. ಗೋಡೆಯು ತಾನಾಗಿ ಬಂದು ತಾಗಿದಲ್ಲಿ ಆಕ್ಷೇಪವಿರುವುದಿಲ್ಲ.

6. ಬೆಲ್ಲವು ಗೋಡೆಯ ಬಳಕೆಗೆ ಮಾತ್ರ. ಸಿಬ್ಬಂದಿಯ ಚಹಾಕ್ಕೂ ಸದರಿ ಬೆಲ್ಲಕ್ಕೂ ಯಾವುದೇ ಸಂಬಂಧ ಕಂಡುಬಂದಲ್ಲಿ, ಸಂಬಂಧಪಟ್ಟ ಸಿಬ್ಬಂದಿಯನ್ನು ಗೋಡೆಗೆ ಹಚ್ಚಲಾಗುವುದು. ಬೆಲ್ಲಕ್ಕೆ ಬರುವ ಇರುವೆಗಳು ಹಾಜರಾತಿ ಪುಸ್ತಕಕ್ಕೆ ಒಳಪಡುವುದಿಲ್ಲ. ಅವು ದಿನಾಲೂ ವೇಳೆಗೆ ಸರಿಯಾಗಿ ಬರುತ್ತವೆ ಎಂಬುದನ್ನು ಸಿಬ್ಬಂದಿ ಗಮನಿಸುವುದು.

7. ಮಧ್ಯಂತರ ವ್ಯವಸ್ಥೆ: ತಿಪ್ಪವ್ವ ಇವರು ಪದವಿ ಪಡೆಯುವವರೆಗೆ, ಅವರಿಗೆ ಗಚ್ಚಿನಲ್ಲಿ ಆರು ದಿನಗಳ ತರಬೇತಿ ನೀಡತಕ್ಕದ್ದು. ಕೇಂದ್ರದಲ್ಲಿ ಗಚ್ಚು ಬರುವವರು ಪೂನಮ ಇವರೊಬ್ಬರೇ ಆದ್ದರಿಂದ ಅವರೇ ತರಬೇತುದಾರರು. ತಿಪ್ಪವ್ವ ಇವರಿಗೆ ತಾನು ಗಚ್ಚು ಕಲಿಸಿರುವುದಾಗಿ ಪೂನಮ ಸಹಿ ಮಾಡಿದ ಕೂಡಲೇ ತಿಪ್ಪವ್ವ ಅರ್ಹರಾಗುತ್ತಾರೆ. ಅರ್ಹರಾದ ತಿಪ್ಪವ್ವ ಇವರು ಪೂನಮ ಇವರಿಗೆ ನಲವತ್ತು ಅಂಕ ನೀಡಬಹುದು. ಈ ವ್ಯವಸ್ಥೆಯನ್ನು ಕಂಡುಹಿಡಿದ ಮೇಲಧಿಕಾರಿಗಳನ್ನು ಸಭೆಯಲ್ಲಿ ಅಭಿನಂದಿಸಲಾಗಿದೆ.

8. ಸದರಿ ತರಬೇತಿಯ ನಮೂನೆಯನ್ನು ಪೂನಮ ಇವರ ಸಹಿಗಾಗಿ ಕೆಳಸಹಿದಾರರು, ಅಂದರೆ ಕೇಂದ್ರದ ಅಧೀಕ್ಷಕ ಪ್ರಲ್ಹಾದ, ಖುದ್ದಾಗಿ ಬಾವಿಗೆ ಒಯ್ದಿದ್ದರು. ಒಂದು ಸಹಿ, ಕೆಲಸ ಮುಗಿಯಿತು, ಹುಡುಗಿಯ ಪದವಿಗೂ ಧಕ್ಕೆಯಿಲ್ಲ ಎಂದು ತಿಳಿಹೇಳಿದರು. ಮೊದಲ ಸಲ ಪೂನಮ ನಮೂನೆಯನ್ನು ಮಡಚಿ ವಾಪಸು ಕೊಟ್ಟರು. ಎರಡನೇ ಸಲ 'ಕಲಿಸಿದವರು' ಎಂಬಲ್ಲಿ ತಿಪ್ಪವ್ವ ಎಂದೂ 'ಕಲಿತವರು' ಎಂಬಲ್ಲಿ ಪೂನಮ ಎಂದೂ ಬರೆದು, ಕೆಳಕಂಡ ಹೇಳಿಕೆ ನೀಡಿದರು. ಇದ್ದದ್ದು ಇದ್ದಂತೆ ದಾಖಲಿಸಲಾಗಿದೆ:

"ತಿಪ್ಪವ್ವ ಆಯಿಗೆ ನಾ ಕಲಿಸೇನಿ ಅಂತ ಸಹಿ ಮಾಡಿ ಪದವಿ ತಗೊಂಡ್ರ, ಮುಂದ ಯಾವ ಗ್ವಾಡಿಗೂ ಕೈ ಹಚ್ಚಾಕ ನನಗ ಮನಸ್ಸ ಬರೂದಿಲ್ರಿ. ಫೇಲ್ ಮಾಡೂದಿದ್ರ ಮಾಡ್ರಿ."

ಇದನ್ನು ಬರೆದುಕೊಳ್ಳುವಾಗ ಕೆಳಸಹಿದಾರರಿಗೆ ಇಪ್ಪತ್ತಾರು ವರ್ಷದ ಸೇವೆಯಲ್ಲಿ ತಾವು ಓದದೆ ಹಾಕಿದ ಸಹಿಗಳು ಎಷ್ಟಿರಬಹುದು ಎಂಬ, ವಿಷಯಕ್ಕೆ ಸಂಬಂಧಿಸದ ವಿಚಾರ ಬಂತು.

9. ಪಕ್ಕದಲ್ಲೇ ಗೋಡೆ ಬಡಿಯುತ್ತಿದ್ದ ತಿಪ್ಪವ್ವ ಇವರು ನಮೂನೆಯಲ್ಲಿ ಏನಿದೆ ಎಂದು ಕೇಳಲಿಲ್ಲ. ಕೆಳಸಹಿದಾರರು ಗೋಡೆಯನ್ನು ನೋಡುತ್ತ ನಿಂತಿದ್ದುದನ್ನು ಕಂಡು, "ಸಾಹೇಬ್ರ, ಇದನ ಕಣ್ಣಿಲೆ ನೋಡಬ್ಯಾಡ್ರಿ, ಕೈಲೆ ನೋಡ್ರಿ" ಎಂದು ಕಟ್ಟಿಗೆಯನ್ನು ಅವರ ಕೈಗೆ ಕೊಟ್ಟರು. ತದನಂತರ ಕೆಳಸಹಿದಾರರು ಒಂದು ತಾಸು ನಲವತ್ತು ನಿಮಿಷ ಗೋಡೆ ಬಡಿದಿರುತ್ತಾರೆ. ಇದು ಕಲಮು 5ರ ಉಲ್ಲಂಘನೆಯಾಗಿದ್ದು, ಸುತ್ತೋಲೆ ಆಗಿನ್ನೂ ಹೊರಡದಿದ್ದುದರಿಂದ ಕ್ಷಮಿಸಲಾಗಿದೆ. ಅಂಗೈಯಲ್ಲಿ ಮೂರು ಬೊಕ್ಕೆ ಎದ್ದಿವೆ. ಒಮ್ಮೆ ಹದಕ್ಕೆ ಬಡಿದು ನುಣುಪಾದ ಮೇಲೆ ಗೋಡೆಯನ್ನು ತಂಪಾಗಿಟ್ಟು ಕಾಯಬೇಕು, ಇಲ್ಲವಾದರೆ ಸೀಳು ಬಿಡುತ್ತದೆ ಎಂದು ತಿಪ್ಪವ್ವ ವಿವರಿಸಿದರು. ಎಷ್ಟು ದಿನ ಎಂದು ಕೆಳಸಹಿದಾರರು ಎರಡೆರಡು ಸಲ ಕೇಳಿ ಖಚಿತಪಡಿಸಿಕೊಂಡಿದ್ದಾರೆ.

10. ಪೂನಮ ಸಹಿ ಮಾಡದಿರುವುದರಿಂದ, ಈ ಸುತ್ತೋಲೆ ಜಾರಿಯಾದ ದಿನದಿಂದ ತಿಪ್ಪವ್ವ ಇವರ ಹೆಬ್ಬೆಟ್ಟು ಅಸಿಂಧು. ನಲವತ್ತಕ್ಕೆ ಸೊನ್ನೆ ಎಂದು ನಮೂದಿಸತಕ್ಕದ್ದು. ಮೇಲಧಿಕಾರಿಗಳು ಇಲ್ಲಿಯವರೆಗೆ ಓದಿ, 'ಸರಿಯಾಗಿದೆ' ಎಂದು ಷರಾ ಬರೆದು, ಊಟಕ್ಕೆ ತೆರಳಿದ್ದಾರೆ.

11. ಸುತ್ತೋಲೆಯು ಸಂಬಂಧಪಟ್ಟ ಗೋಡೆಯ ಮೇಲೆ, ಸಂಬಂಧಪಟ್ಟ ಜಾಗದಲ್ಲೇ, ಅಂಟು ಹಚ್ಚಿ ಅಂಟಿಸಿದ ದಿನದಿಂದ ಜಾರಿಗೆ ಬರತಕ್ಕದ್ದು. ಬೇರೆಲ್ಲಿ ಅಂಟಿಸಿದರೂ, ಓದಿ ಹೇಳಿದರೂ, ಮೊಬೈಲಿಗೆ ಕಳುಹಿಸಿದರೂ ಜಾರಿಯಾಗತಕ್ಕದ್ದಲ್ಲ. ಅಲ್ಲಿಯವರೆಗೆ ಹಳೆಯ ನಿಯಮವೇ ಅನ್ವಯ.

(ಸಹಿ; ಬೊಕ್ಕೆಗಳ ಕಾರಣ ಅಂಕುಡೊಂಕಾಗಿದೆ)
ಪ್ರಲ್ಹಾದ
ಅಧೀಕ್ಷಕರು

ಪ್ರತಿಗಳು:

ಅ) ತಪಾಸಣಾ ತಂಡಕ್ಕೆ, ಮಾಹಿತಿಗಾಗಿ ಮತ್ತು ಸಮಾಧಾನಕ್ಕಾಗಿ.

ಆ) ಮೇಲಧಿಕಾರಿಗಳಿಗೆ, ಊಟದ ನಂತರ.

ಇ) ಕುಮಾರಿ ಪೂನಮ ಇವರಿಗೆ. ಷರಾ: ಕೈತುಂಬ ಗಚ್ಚಿದೆ, ಸಂಜೆಗೆ ಓದುವುದಾಗಿ ತಿಳಿಸಿದ್ದಾರೆ.

ಈ) ಗೋಡೆಗೆ. ಷರಾ: ಅಂಟಿಸಲು ಹೋದ ಜವಾನ ಮಾಳು ಪ್ರತಿಯನ್ನು ವಾಪಸು ತಂದಿರುತ್ತಾನೆ. ಗೋಡೆಯ ಕೊನೆಯ ಪದರ ಇಂದು ಬೆಳಿಗ್ಗೆ ಮುಗಿದಿದೆ. ತಿಪ್ಪವ್ವ ಇವರು ಗೋಡೆಗೆ ಹೊದಿಸಿದ ಹಸಿ ಗೋಣಿತಟ್ಟಿನ ಮುಂದೆ ಅಡ್ಡ ನಿಂತು, "ಇಪ್ಪತ್ತೊಂದ ದಿನ ಇದಕ್ಕ ಯಾರೂ ಏನೂ ಹಚ್ಚಂಗಿಲ್ಲ. ನಿಮ್ಮ ಸಾಹೇಬ್ರಿಗೂ ಗೊತ್ತೈತಿ" ಎಂದಿದ್ದಾರೆ. ಅದರಂತೆ ಮಾರ್ಚ್ 24ರಂದು ಅಂಟಿಸಲು ಆದೇಶಿಸಿದೆ.

ಉ) ಪರೀಕ್ಷಾ ವಿಭಾಗಕ್ಕೆ. ಮಾರ್ಚ್ 15ರ ಪರೀಕ್ಷೆಗೆ ಹಳೆಯ ನಿಯಮದಂತೆ ಶ್ರೀಮತಿ ತಿಪ್ಪವ್ವ ಇವರ ಹೆಬ್ಬೆಟ್ಟು ಪಡೆಯತಕ್ಕದ್ದು. ವಿಭಾಗದ ಮಸಿ ಪ್ಯಾಡು ಒಣಗಿದ್ದಲ್ಲಿ ಕೆಳಸಹಿದಾರರ ಮೇಜಿನ ಮೇಲಿರುವುದನ್ನು ಒಯ್ಯುವುದು. ಅದನ್ನು ಇಂದೇ ಮಸಿ ಹಾಕಿ ಇಡಲಾಗಿದೆ.